ಡಬ್ಬಿಯ ಮೇಲೆ ‘ನ್ಯಾನೋ’ ಅಂತ ಬರೆದರೆ ಪೇಂಟ್ ನಮ್ಮ ಮಳೆಗೆ ನಿಲ್ಲುತ್ತದಾ?

ನ್ಯಾನೋ ಅಂದರೆ ನಮ್ಮೂರಲ್ಲಿ ಮೊದಲು ಕಾರು. 2009ರಲ್ಲಿ ರಸ್ತೆಗೆ ಬಂತು. 2021ರಲ್ಲಿ ನ್ಯಾನೋ ಯೂರಿಯಾ ಬಾಟಲಿ ಬಂತು. ಈಗ ಹಾರ್ಡ್‌ವೇರ್ ಅಂಗಡಿಗೆ ಹೋದರೆ ನ್ಯಾನೋ ಪೇಂಟ್, ನ್ಯಾನೋ ವಾಟರ್‌ಪ್ರೂಫ್, ನ್ಯಾನೋ ಕೋಟಿಂಗ್ ಇರುವ ಶೀಟ್. ಬೆಲೆ ಮಾತ್ರ ಮಾಮೂಲಿ ಡಬ್ಬಿಗಿಂತ ಜಾಸ್ತಿ. ಕುಂಬ್ರ, ಪುತ್ತೂರು, ಸುಳ್ಯ ಕಡೆಯ ಕೃಷಿಕರು ಈಚೆಗೆ ನನ್ನ ಹತ್ತಿರ ರೋಗ, ಗೊಬ್ಬರದ ಜೊತೆಗೆ ಇದನ್ನೂ ಕೇಳ್ತಾರೆ: “ಇದರಲ್ಲಿ ಏನಾದ್ರೂ ಉಂಟಾ ಮಾರಾಯ್ರೆ, ಅಲ್ಲ ಬರೀ ಹೆಸರಾ?”

ಪ್ರಶ್ನೆ ಸಣ್ಣದಲ್ಲ. ನಮ್ಮ ತೋಟದಲ್ಲಿ ಮಳೆ-ಬಿಸಿಲಿಗೆ ಮೈಯೊಡ್ಡಿ ನಿಂತ ಸಾಮಾನು ಎಷ್ಟಿಲ್ಲ? ಅಡಿಕೆ ಒಣಗಿಸುವ ಸೋಲಾರ್ ಗೂಡು, ಅದರ ಜಿಐ ಪೈಪು, ಅಂಗಳದ ಶೀಟಿನ ಮಾಡು, ಪಂಪ್‌ಶೆಡ್, ಹಟ್ಟಿ, ನೀರಿನ ಟ್ಯಾಂಕ್. ಒಂದು ಗೂಡಿನ ಪ್ಲಾಸ್ಟಿಕ್ ಬದಲಾಯಿಸುವ ವರ್ಷ ಅಡಿಕೆಗೆ ರೇಟು ಇಲ್ಲದಿದ್ದರೆ ಲೆಕ್ಕ ತಲೆಕೆಳಗಾಗ್ತದೆ. ಸಾವಯವ ಮಾಡುವ ನನಗೆ ಇನ್ನೊಂದು ಚಿಂತೆ ಕೂಡ ಉಂಟು. ನಮ್ಮ ಮಾಡಿನ ಮಳೆನೀರು ಹರಿದು ಹೋಗುವುದು ಕೆರೆಗೆ, ಕೆರೆಯಿಂದ ತರಕಾರಿ ಸಾಲಿಗೆ. ಮಾಡಿಗೆ ಏನು ಹಚ್ಚುತ್ತೇನೋ ಅದು ಇವತ್ತಲ್ಲ ನಾಳೆ ಮಣ್ಣಿಗೆ ಬರ್ತದೆ. ಹಾಗಾಗಿ ಈ ವಿಷಯವನ್ನು ಸ್ವಲ್ಪ ಬಿಡಿಸಿ ನೋಡುವ.

ಲೇಪನ ಹಾಳಾಗುವುದು ಹೇಗೆ?

ಪೇಂಟ್ ಅಂದರೆ ಮೂಲತಃ ಒಂದು ತೆಳು ಪ್ಲಾಸ್ಟಿಕ್ ಪೊರೆ. ಅಕ್ರಿಲಿಕ್, ಎಪಾಕ್ಸಿ, ಪಾಲಿಯುರೆಥೇನ್, ಪಾಲಿಯೆಸ್ಟರ್ ಎಲ್ಲವೂ ಪಾಲಿಮರ್‌ಗಳೇ, ಅಂದರೆ ಉದ್ದುದ್ದ ಸರಪಳಿಯಂಥ ಅಣುಗಳು. ನಮ್ಮಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿ.ಮೀ. ಮಳೆ ಬೀಳ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದ್ದರಿಂದ ಪೇಂಟ್ ಹಾಳಾದರೆ ನಾವು ಮೊದಲು ಬೈಯುವುದು ಮಳೆಗೆ. ಆದರೆ ಸರಪಳಿಯನ್ನು ಮೊದಲು ಕಡಿಯುವುದು ಬಿಸಿಲು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಕ್ಕೆ, ಅಂದರೆ ಯುವಿಗೆ, ಈ ಕೊಂಡಿಗಳನ್ನು ಮುರಿಯುವ ಶಕ್ತಿ ಇದೆ. ಮುರಿದ ಜಾಗಕ್ಕೆ ಗಾಳಿಯ ಆಮ್ಲಜನಕ ಸೇರ್ತದೆ. ಲೇಪನ ಪೆಡಸಾಗ್ತದೆ, ಹೊಳಪು ಹೋಗ್ತದೆ, ಕೂದಲೆಳೆಯಷ್ಟು ಬಿರುಕು ಬರ್ತದೆ. ಹಳೆಯ ಕಲರ್ ಶೀಟಿನ ಮೇಲೆ ಕೈ ಒರೆಸಿದರೆ ಸುಣ್ಣದಂತೆ ಪುಡಿ ಅಂಟುತ್ತದಲ್ಲ, ಅದು ಇದೇ.

ಬಿಸಿಲು ಬಾಗಿಲು ತೆರೆದ ಮೇಲೆ ಮಳೆ ಒಳಗೆ ಬರ್ತದೆ. ನಾಲ್ಕು ತಿಂಗಳು ಒಣಗದ ತೇವ ಬಿರುಕಿನಲ್ಲಿ ಇಳಿದು ಕಬ್ಬಿಣ ಮುಟ್ಟಿದರೆ ತುಕ್ಕು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಮೇಲಿನ ಪೇಂಟನ್ನು ಗುಳ್ಳೆಯಾಗಿ ಎಬ್ಬಿಸ್ತದೆ. ಏಪ್ರಿಲ್‌ನಲ್ಲಿ ಮುಟ್ಟಲಾಗದಷ್ಟು ಕಾದ ಶೀಟಿನ ಮೇಲೆ ಸಂಜೆ ಗುಡುಗು ಮಳೆ ಬಿದ್ದರೆ ಶೀಟು ಒಮ್ಮೆಲೇ ಕುಗ್ಗುತ್ತದೆ. ಪೆಡಸಾದ ಪೊರೆ ಅದನ್ನು ತಾಳಲಾರದೆ ಒಡೆಯುತ್ತದೆ. ಬಿಸಿಲು, ನೀರು, ಹಿಗ್ಗು-ಕುಗ್ಗು, ಈ ಮೂರೂ ಒಟ್ಟಿಗೆ ಕೆಲಸ ಮಾಡುವ ಊರು ನಮ್ಮದು.

ನ್ಯಾನೋ ಕಣ ಅಲ್ಲಿ ಏನು ಮಾಡ್ತದೆ?

ಒಂದು ನ್ಯಾನೋಮೀಟರ್ ಅಂದರೆ ಮೀಟರಿನ ನೂರು ಕೋಟಿಯ ಒಂದು ಪಾಲು. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಕ್ಕೆ ನ್ಯಾನೋ ಕಣ ಅನ್ನುತ್ತಾರೆ. ಇವುಗಳನ್ನು ಪಾಲಿಮರ್‌ಗೆ ಬೆರೆಸಿದಾಗ ಮುಖ್ಯವಾಗಿ ನಾಲ್ಕು ಉಪಯೋಗ.

ಒಂದು, ಬಿಸಿಲಿಗೆ ಕೊಡೆ. ಸತುವಿನ ಆಕ್ಸೈಡ್ ಮತ್ತು ಟೈಟಾನಿಯಂ ಡೈಆಕ್ಸೈಡ್ ಯುವಿಯನ್ನು ಹೀರಿಕೊಳ್ತವೆ. ಮುಖಕ್ಕೆ ಹಚ್ಚುವ ಸನ್‌ಸ್ಕ್ರೀನ್‌ನಲ್ಲಿ ಇರುವುದೂ ಇವೇ. ಕಣ ದೊಡ್ಡದಿದ್ದರೆ ಬೆಳಕನ್ನು ಚದುರಿಸಿ ಬೆಳ್ಳಗೆ ಕಾಣ್ತದೆ. ಕಣ್ಣಿಗೆ ಕಾಣುವ ಬೆಳಕಿನ ಅಲೆ 400ರಿಂದ 700 ನ್ಯಾನೋಮೀಟರ್. ಕಣ ಅದಕ್ಕಿಂತ ತುಂಬಾ ಸಣ್ಣದಾದರೆ ಬೆಳಕು ದಾಟಿ ಹೋಗ್ತದೆ, ಯುವಿ ಮಾತ್ರ ಸಿಕ್ಕಿಬೀಳ್ತದೆ. ಪಾರದರ್ಶಕ ಲೇಪನಕ್ಕೆ, ಗೂಡಿನ ಹಾಳೆಗೆ ಇದು ದೊಡ್ಡ ಲಾಭ.

ಎರಡು, ನೀರಿಗೆ ಸುತ್ತುದಾರಿ. ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿಮಣ್ಣಿನ ಹಾಳೆಗಳು ಸುಮಾರು ಒಂದು ನ್ಯಾನೋಮೀಟರ್ ದಪ್ಪ, ಅಗಲ ಮಾತ್ರ ನೂರಾರು ಪಾಲು ಹೆಚ್ಚು. ಇವು ಪೊರೆಯೊಳಗೆ ಹಂಚಿನ ಮಾಡಿನಂತೆ ಮಲಗಿದರೆ ನೀರಿನ ಅಣು ನೇರ ಇಳಿಯಲಾರದು. ಆಚೆ-ಈಚೆ ಸುತ್ತಿ ಸುತ್ತಿ ಕೆಳಗೆ ಮುಟ್ಟುವಾಗ ಬಹಳ ಕಾಲ ಬೇಕು. ಜಪಾನಿನ ಟೊಯೋಟಾ ಪ್ರಯೋಗಾಲಯದವರು 1980ರ ದಶಕದಲ್ಲಿ ನೈಲಾನ್‌ಗೆ ಇದೇ ಜೇಡಿಯನ್ನು ಬೆರೆಸಿ ಗಟ್ಟಿ ಮಾಡಿದ ಮೇಲೆ ಜಗತ್ತಿಗೆ ಇದರ ಮೇಲೆ ಕಣ್ಣು ಬಿತ್ತು.

ಮೂರು, ಗೀರು ತಡೆ. ಸಿಲಿಕಾ ಕಣ ಬೆರೆತ ಪೊರೆಗೆ ಗಡಸುತನ ಬರ್ತದೆ. ಸೋಗೆ ಬಿದ್ದರೆ, ಕಸ ಗುಡಿಸಿದರೆ ಬೇಗ ಗೀರುವುದಿಲ್ಲ.

ನಾಲ್ಕು, ನೀರು ಅಂಟದ ಮೈ. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದನ್ನು ನೋಡದವರು ನಮ್ಮಲ್ಲಿ ಇಲ್ಲ. ಎಲೆಯ ಮೇಲಿನ ಸಣ್ಣ ಉಬ್ಬುಗಳು, ಅವುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳು, ಇವೆರಡೂ ಸೇರಿ ನೀರನ್ನು ಎತ್ತಿ ಹಿಡಿಯುತ್ತವೆ. ಬಾರ್ತ್‌ಲಾಟ್ ಮತ್ತು ನೈನ್‌ಹೂಯಿಸ್ ಎಂಬ ಜರ್ಮನಿಯ ಸಸ್ಯವಿಜ್ಞಾನಿಗಳು 1997ರಲ್ಲಿ ತಾವರೆ ಎಲೆಯಲ್ಲಿ ಇದನ್ನು ವಿವರಿಸಿದರು. ಉರುಳುವ ನೀರು ಧೂಳನ್ನೂ ಒಯ್ಯುತ್ತದೆ. ಆದರೆ ಎಲೆಗೂ ಪೇಂಟಿಗೂ ಒಂದು ವ್ಯತ್ಯಾಸ ಉಂಟು: ಎಲೆ ತನ್ನ ಮೇಣವನ್ನು ಮತ್ತೆ ಕಟ್ಟಿಕೊಳ್ತದೆ, ಪೇಂಟ್ ಕಟ್ಟಿಕೊಳ್ಳುವುದಿಲ್ಲ. ಉಬ್ಬು ಸವೆದರೆ ಮುಗಿಯಿತು. ಅಂಗಡಿಯವರು ಮೊದಲ ದಿನ ನೀರು ಉರುಳಿಸಿ ತೋರಿಸುವುದನ್ನು ನೋಡಿ ಮರುಳಾಗಬೇಡಿ. ಮೂರನೇ ಮಳೆಗಾಲದಲ್ಲೂ ಉರುಳ್ತದಾ ಅನ್ನುವುದು ನಮ್ಮ ಪ್ರಶ್ನೆ.

ಕಾವಲುಗಾರನೇ ಕಳ್ಳನಾದರೆ?

ಟೈಟಾನಿಯಂ ಡೈಆಕ್ಸೈಡ್‌ಗೆ ಇನ್ನೊಂದು ಮುಖ ಇದೆ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಬೆಳಕು ಬಿದ್ದಾಗ ಈ ವಸ್ತು ನೀರನ್ನೇ ಒಡೆಯಬಲ್ಲದು ಎಂದು ತೋರಿಸಿದರು. ಅಂದರೆ ಯುವಿ ಹೀರಿದ ಕಣ ಸುಮ್ಮನೆ ಕೂರುವುದಿಲ್ಲ, ಪಕ್ಕದ ಸಾವಯವ ವಸ್ತುವನ್ನು ಸುಡುವಂಥ ತೀಕ್ಷ್ಣ ಕಣಗಳನ್ನು ಹುಟ್ಟಿಸ್ತದೆ. ಪಕ್ಕದಲ್ಲಿ ಇರುವುದು ಯಾರು? ಪೇಂಟಿನ ಪಾಲಿಮರ್! ಬರಿಮೈಯ ಟೈಟಾನಿಯಂ ಕಣ ಹಾಕಿದ ಪೇಂಟ್ ತನ್ನನ್ನು ತಾನೇ ತಿಂದು ಬೇಗ ಪುಡಿ ಬಿಡ್ತದೆ. ಅದಕ್ಕೇ ಒಳ್ಳೆಯ ತಯಾರಕರು ರೂಟೈಲ್ ಎಂಬ ಜಾತಿಯ ಕಣ ಆರಿಸಿ, ಪ್ರತಿ ಕಣಕ್ಕೂ ಸಿಲಿಕಾ ಅಥವಾ ಅಲ್ಯುಮಿನಾದ ತೆಳು ಅಂಗಿ ತೊಡಿಸುತ್ತಾರೆ. ಅನಾಟೇಸ್ ಎಂಬ ಇನ್ನೊಂದು ಜಾತಿ ಈ ಸುಡುವ ಕೆಲಸದಲ್ಲಿ ಜೋರು.

ಎರಡನೇ ತೊಂದರೆ ಗಂಟು. ರಾಗಿ ಹಿಟ್ಟನ್ನು ಬಿಸಿನೀರಿಗೆ ಒಮ್ಮೆಲೇ ಸುರಿದರೆ ಗಂಟಾಗ್ತದಲ್ಲ, ನ್ಯಾನೋ ಕಣದ ಸ್ವಭಾವವೂ ಹಾಗೆ. ಒಂದಕ್ಕೊಂದು ಅಂಟಿ ಗಂಟಾದ ಮೇಲೆ ಅದು ನ್ಯಾನೋ ಆಗಿ ಉಳಿಯುವುದಿಲ್ಲ. ಗಂಟಿನ ಸುತ್ತ ಸಂದು ಬಿಟ್ಟು ನೀರಿಗೆ ಹೊಸ ದಾರಿ ಆಗ್ತದೆ. ಸಾಮಾನ್ಯವಾಗಿ ತೂಕದಲ್ಲಿ ನೂರಕ್ಕೆ ಒಂದರಿಂದ ಐದು ಪಾಲು ಸಾಕು. ಜಾಸ್ತಿ ಹಾಕಿದರೆ ಜಾಸ್ತಿ ಗುಣ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇಲ್ಲಿಂದ ನನಗೆ ಮುಖ್ಯ ಅನ್ನಿಸಿದ ಒಂದು ಮಾತು ಹೊರಡುತ್ತದೆ. ಕಣವನ್ನು ಸಮವಾಗಿ ಹರಡುವುದು, ಪೊರೆಯ ದಪ್ಪ ಹಿಡಿತದಲ್ಲಿ ಇಡುವುದು, ಬಿಸಿಯಲ್ಲಿ ಬೇಯಿಸಿ ಗಟ್ಟಿ ಮಾಡುವುದು ಕಾರ್ಖಾನೆಯಲ್ಲಿ ಆಗುವ ಕೆಲಸ. ಬೆಂಗಳೂರಿನ ಸಿಎಸ್‌ಐಆರ್-ಎನ್‌ಎಎಲ್‌ನಲ್ಲಿ ಲೋಹಕ್ಕೆ ತುಕ್ಕು ತಡೆಯುವ, ನೀರು ಅಂಟದ ಲೇಪನಗಳ ಮೇಲೆ ಸಂಶೋಧನೆ ನಡೆದಿದೆ. ಅಲ್ಲಿ ಲೋಹದ ಮೈಯನ್ನು ತೊಳೆದು, ಒಣಗಿಸಿ, ಅಳೆದು ಲೇಪಿಸುತ್ತಾರೆ. ನಮ್ಮ ಶೆಡ್ಡಿನಲ್ಲಿ ಕೆಲಸದವರು ಏಣಿ ಹತ್ತಿ ಬ್ರಷ್ಷಿನಲ್ಲಿ ಎಳೆಯುವುದು ಬೇರೆ ಕತೆ. ಕಾರ್ಖಾನೆಯಲ್ಲೇ ಲೇಪನವಾಗಿ ಬರುವ ಹಾಳೆ, ಶೀಟಿಗೆ ಜಾಸ್ತಿ ದುಡ್ಡು ಕೊಡಬಹುದು. ಬ್ರಷ್ಷಿನಲ್ಲಿ ಹಚ್ಚುವ ನ್ಯಾನೋಗೆ ಕೊಡುವ ಮೊದಲು ಆ ದುಡ್ಡನ್ನು ತುಕ್ಕು ಉಜ್ಜುವ ಕೂಲಿಗೆ ಕೊಡಿ.

ಸೋಲಾರ್ ಗೂಡಿನ ಹಾಳೆ

ಗೂಡಿಗೆ ನಾವು ಹಾಕುವುದು ಹೆಚ್ಚಾಗಿ 200 ಮೈಕ್ರಾನಿನ ಯುವಿ ಹಾಳೆ. ಯುವಿ ತಡೆ ಇಲ್ಲದ ಬರೀ ಪಾಲಿಥಿನ್ ನಮ್ಮ ಬಿಸಿಲಿಗೆ ಒಂದು ವರ್ಷ ನಿಂತರೆ ಹೆಚ್ಚು. ಯುವಿ ಹಾಳೆಯಲ್ಲಿ ರಕ್ಷಣೆ ಕೊಡುವುದು ಮುಖ್ಯವಾಗಿ ಹಾಲ್ಸ್ ಎಂಬ ಅಮೈನ್ ಜಾತಿಯ ರಾಸಾಯನಿಕ. ಸರಪಳಿ ಕಡಿದಾಗ ಹುಟ್ಟುವ ತೀಕ್ಷ್ಣ ಕಣಗಳನ್ನು ಇದು ಹಿಡಿದು ಹಾಕ್ತದೆ. ಇದರ ಒಂದು ದೌರ್ಬಲ್ಯ ಸಾವಯವದವರಿಗೆ ಗೊತ್ತಿರಲೇಬೇಕು. ಹಾಲ್ಸ್ ಕ್ಷಾರ ಗುಣದ್ದು. ಗಂಧಕ ಮತ್ತು ಕ್ಲೋರಿನ್ ಇರುವ ಸಿಂಪಡಣೆಗಳಿಂದ ಬರುವ ಆಮ್ಲ ಅದನ್ನು ನಿಷ್ಕ್ರಿಯ ಮಾಡ್ತದೆ. ಸಾವಯವದಲ್ಲಿ ಬೂದಿರೋಗಕ್ಕೆ ಗಂಧಕ ಬಳಸಬಹುದು ಅಂತ ಪಾಲಿಹೌಸಿನ ಒಳಗೆ ಮೇಲಿಂದ ಮೇಲೆ ಹೊಡೆದರೆ ಗಿಡ ಉಳಿದರೂ ಹಾಳೆ ಬೇಗ ಹರಿಯುತ್ತದೆ. ಸತುವಿನ ಆಕ್ಸೈಡ್‌ನಂಥ ಖನಿಜ ಕಣ ಇರುವ ಹಾಳೆಗೆ ಇಲ್ಲಿ ಒಂದು ಅನುಕೂಲ ಇದೆ, ಅದು ಕ್ಷಾರ-ಆಮ್ಲದ ಈ ಜಗಳವನ್ನು ನಂಬಿ ಕೂತಿಲ್ಲ.

ಇನ್ನೊಂದು ಶತ್ರು ತಾಮ್ರ. ಪಾಲಿಥಿನ್‌ನಂಥ ಪ್ಲಾಸ್ಟಿಕ್ ಗಾಳಿಗೆ ಹಾಳಾಗುವುದನ್ನು ತಾಮ್ರ ಚುರುಕು ಮಾಡ್ತದೆ. ಕೊಳೆರೋಗಕ್ಕೆ ಬೋರ್ಡೊ ಹೊಡೆಯುವಾಗ ತೋಟದ ಬದಿಯ ಗೂಡಿನ ಮೇಲೆ ನೀಲಿ ತುಂತುರು ಬೀಳುವುದು ಮಾಮೂಲು. ಸಿಂಪಡಣೆ ದಿನ ಗೂಡಿಗೆ ಹಳೆ ಟಾರ್ಪಾಲ್ ಹೊದೆಸಿ, ಇಲ್ಲವೇ ಸಂಜೆ ನೀರು ಹಾಕಿ ತೊಳೆಯಿರಿ.

ಹಾಳೆ ಮೊದಲು ಹರಿಯುವುದು ಎಲ್ಲಿ ಅಂತ ಗಮನಿಸಿದ್ದೀರಾ? ನಡುವಿನಲ್ಲಿ ಅಲ್ಲ, ಪೈಪಿಗೆ ತಾಗುವ ಗೆರೆಯಲ್ಲಿ. ಕಾದ ಕಬ್ಬಿಣದ ಬಿಸಿ ಅಲ್ಲಿ ಹಾಳೆಯನ್ನು ಬೇಯಿಸ್ತದೆ. ಪೈಪಿನ ಮೇಲ್ಮೈಗೆ ಬಿಳಿ ಅಕ್ರಿಲಿಕ್ ಪೇಂಟ್, ಅಂದರೆ ನೀರಿನಲ್ಲಿ ಕಲಸುವ ಜಾತಿ, ಹೊಡೆದು ಪೂರ್ತಿ ಒಣಗಿದ ಮೇಲೆ ಹಾಳೆ ಎಳೆಯಿರಿ. ಇದಕ್ಕೆ ಯಾವ ನ್ಯಾನೋವೂ ಬೇಡ.

ಶೀಟ್, ಪೈಪ್ ಮತ್ತು ಬೋರ್ಡೊ ಕತ್ತಿ

ಬೋರ್ಡೊ ದ್ರಾವಣ ಸರಿಯಾಯಿತಾ ಅಂತ ನೋಡಲಿಕ್ಕೆ ಹೊಳೆಯುವ ಕತ್ತಿಯನ್ನು ಅದ್ದುವುದು ನಮ್ಮ ಹಿರಿಯರ ಕಾಲದಿಂದ ಬಂದ ಪರೀಕ್ಷೆ. ಕೆಂಪು ತಾಮ್ರ ಹಿಡಿದರೆ ಸುಣ್ಣ ಕಮ್ಮಿ ಅಂತ ಅರ್ಥ. ಅಲ್ಲಿ ಆಗುವುದು ಏನೆಂದರೆ, ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಸುಣ್ಣ ಕಮ್ಮಿಯಾದ ದ್ರಾವಣ ಶೀಟಿನ ಮೇಲೆ ಬಿದ್ದರೆ ಇದೇ ಆಟ ಅಲ್ಲಿಯೂ ನಡೆಯುತ್ತದೆ, ಮೊದಲು ಸತು ಹೋಗ್ತದೆ, ಆಮೇಲೆ ಕಬ್ಬಿಣ. ಹಾಗಾಗಿ ಬೋರ್ಡೊ ಸರಿಯಾಗಿ ಮಾಡುವುದು ಅಡಿಕೆಗೂ ಒಳ್ಳೆಯದು, ಮಾಡಿಗೂ ಒಳ್ಳೆಯದು.

ಪೇಂಟ್ ವಿಷಯಕ್ಕೆ ಬಂದರೆ ಮೂರು ಸಂಗತಿ ನೆನಪಿಡಿ. ಹೊಸ ಜಿಐ ಪೈಪಿಗೆ, ಶೀಟಿಗೆ ನೇರವಾಗಿ ಎಣ್ಣೆ ಪೇಂಟ್ ಹಚ್ಚಬೇಡಿ. ಅದರ ಎಣ್ಣೆ ಸತುವಿನ ಜೊತೆ ಸೇರಿ ಸಾಬೂನಿನಂಥ ಪದರ ಆಗ್ತದೆ, ಒಂದೆರಡು ವರ್ಷದಲ್ಲಿ ಸಿಪ್ಪೆ ಏಳ್ತದೆ. ಜಿಐಗೆಂದೇ ಇರುವ ಪ್ರೈಮರ್ ಕೇಳಿ ತನ್ನಿ. ಎಪಾಕ್ಸಿ ಕಬ್ಬಿಣಕ್ಕೆ ಚೆನ್ನಾಗಿ ಅಂಟುತ್ತದೆ, ನೀರನ್ನೂ ತಡೆಯುತ್ತದೆ, ಆದರೆ ಬಿಸಿಲಿಗೆ ಪುಡಿ ಬಿಡ್ತದೆ. ಅದನ್ನು ಕೆಳಗಿನ ಕೋಟಾಗಿ ಮಾತ್ರ ಇಟ್ಟು, ಮೇಲೆ ಅಕ್ರಿಲಿಕ್ ಅಥವಾ ಪಾಲಿಯುರೆಥೇನ್ ಹಾಕಿ. ಮೂರನೆಯದು ಕಾಲ. ಡಿಸೆಂಬರ್‌ನಿಂದ ಮಾರ್ಚ್ ಒಳಗೆ, ಬೆಳಗ್ಗಿನ ಇಬ್ಬನಿ ಆರಿದ ಮೇಲೆ ಶುರು ಮಾಡಿ ಸಂಜೆ ತಂಪಾಗುವ ಮೊದಲು ನಿಲ್ಲಿಸಿ. ಪತ್ತನಾಜೆ ಹತ್ತಿರ ಬಂದಾಗ ಅವಸರದಲ್ಲಿ ಹಚ್ಚಿದ ಪೇಂಟ್, ಎಷ್ಟೇ ದುಬಾರಿಯದ್ದಾದರೂ, ಆಟಿ ತಿಂಗಳಿಗೆ ಗುಳ್ಳೆ ಏಳ್ತದೆ.

ಕೆಂಪುಕಲ್ಲಿನ ಗೋಡೆಗೆ, ಹಂಚಿಗೆ ‘ನ್ಯಾನೋ’ ಅಂತ ಮಾರುವ ನೀರಿನಂಥ ದ್ರಾವಣ ಹೆಚ್ಚಾಗಿ ಸಿಲೇನ್-ಸಿಲೋಕ್ಸೇನ್ ಜಾತಿಯದ್ದು. ಅದರಲ್ಲಿ ಕಣ ಇರುವುದೇ ಇಲ್ಲ, ಸಣ್ಣ ಅಣುಗಳು ಕಲ್ಲಿನ ರಂಧ್ರಕ್ಕೆ ಇಳಿದು ನೀರು ಹಿಡಿಯದಂತೆ ಮಾಡ್ತವೆ. ಗೋಡೆ ಉಸಿರಾಡುವುದು ನಿಲ್ಲುವುದಿಲ್ಲ, ಹಾಗಾಗಿ ಎರಚಲು ಮಳೆಗೆ ಒಳ್ಳೆಯದೇ. ಬಿರುಕು ಮುಚ್ಚಲಿಕ್ಕೆ, ಅಡಿಪಾಯದಿಂದ ಮೇಲೇರುವ ತೇವಕ್ಕೆ ಮಾತ್ರ ಇದು ಮದ್ದಲ್ಲ.

ನಮ್ಮದೇ ಪಾಲಿಮರ್: ಗೇರುಬೀಜದ ಸಿಪ್ಪೆ

ಗೇರು ಸಂಶೋಧನಾ ನಿರ್ದೇಶನಾಲಯ ಇರುವುದು ನಮ್ಮ ಪುತ್ತೂರಿನಲ್ಲೇ, 1986ರಿಂದ. ಗೇರುಬೀಜ ಅಂದರೆ ನಮಗೆ ತಿರುಳಿನ ಲೆಕ್ಕ ಮಾತ್ರ. ಆದರೆ ಸಿಪ್ಪೆಯ ಎಣ್ಣೆಯನ್ನು ಹಳಬರು ಪಕ್ಕಾಸು, ರೀಪಿಗೆ ಒರಳೆ ಹಿಡಿಯದಂತೆ ಹಚ್ಚುತ್ತಿದ್ದರು. ಕರಾವಳಿಯಲ್ಲಿ ದೋಣಿಗೂ ಹಚ್ಚುತ್ತಿದ್ದರು. ಈ ಎಣ್ಣೆಯನ್ನು ಕಾಯಿಸಿ ಶುದ್ಧ ಮಾಡಿದರೆ ಕಾರ್ಡನಾಲ್ ಸಿಗ್ತದೆ. ಅದರ ಅಣುವಿನ ಒಂದು ತುದಿ ಪಾಲಿಮರ್ ಜಾಲಕ್ಕೆ ಕೊಂಡಿ ಹಾಕ್ತದೆ, ಇನ್ನೊಂದು ತುದಿ ಹದಿನೈದು ಇಂಗಾಲದ ಉದ್ದ ಬಾಲ, ನೀರಿಗೆ ಸೇರದ್ದು. ಎಪಾಕ್ಸಿಯನ್ನು ಗಟ್ಟಿ ಮಾಡಲು ಕಾರ್ಡನಾಲ್‌ನಿಂದ ತಯಾರಿಸುವ ಫೀನಾಲ್ಕಮೈನ್ ಎಂಬ ವಸ್ತು ತೇವ ಇರುವ ಜಾಗದಲ್ಲೂ ಕೆಲಸ ಮಾಡ್ತದೆ. ಅದಕ್ಕೇ ಹಡಗಿನ ಪೇಂಟಿನಲ್ಲಿ ಅದಕ್ಕೆ ಬೆಲೆ. ಇಂಥ ಗೇರು ಮೂಲದ ಪಾಲಿಮರ್‌ಗೆ ಖನಿಜ ನ್ಯಾನೋ ಕಣ ಬೆರೆಸುವ ಸಂಶೋಧನೆಯೂ ನಡೆದಿದೆ. ಪೆಟ್ರೋಲಿಯಂ ಬದಲು ಸಿಪ್ಪೆಯಿಂದ ಬರುವ ಲೇಪನ ಅಂದರೆ ನಮ್ಮ ಜಿಲ್ಲೆಗೆ ಎರಡು ಕಡೆಯಿಂದ ಲಾಭ.

ಹಸಿ ಸಿಪ್ಪೆ ಎಣ್ಣೆ ಹಚ್ಚುವವರು ಕೈಗವಸು ಮರೆಯಬೇಡಿ. ಚರ್ಮ ಸುಡ್ತದೆ ಅಂತ ಗೇರುಬೀಜ ಸುಟ್ಟು ತಿಂದ ಮಕ್ಕಳಿಗೂ ಗೊತ್ತು.

ಸಾವಯವ ತೋಟಕ್ಕೆ ಸರಿಯಾ?

ಯುರೋಪಿನ ಸಾವಯವ ನಿಯಮ 2018/848 ಪ್ರಕಾರ ಬೇಕೆಂದೇ ತಯಾರಿಸಿದ ನ್ಯಾನೋ ವಸ್ತು ಇರುವ ಆಹಾರಕ್ಕೆ ಸಾವಯವದಲ್ಲಿ ಜಾಗ ಇಲ್ಲ. ಮಾಡಿನ ಪೇಂಟ್ ಆಹಾರ ಅಲ್ಲ, ನಿಜ. ಆದರೆ ಲೇಪನ ಹಳತಾಗಿ ಪುಡಿ ಬಿಡುವಾಗ ಪಾಲಿಮರ್ ಚೂರು, ಅದರೊಳಗಿನ ಕಣ ಎರಡೂ ನೀರಿಗೆ ಸೇರ್ತವೆ. ಪಾಚಿ ಹಿಡಿಯಬಾರದು ಅಂತ ಬೆಳ್ಳಿ, ತಾಮ್ರದ ಕಣ ಹಾಕಿದ ಲೇಪನವೂ ಉಂಟು. ಪಾಚಿಯನ್ನು ಕೊಲ್ಲುವುದು ಕೆರೆಯ ಸಣ್ಣ ಜೀವಿಗಳನ್ನು ಬಿಟ್ಟೀತೇ?

ನನ್ನ ತೋಟದಲ್ಲಿ ನಾನು ಇಟ್ಟುಕೊಂಡ ಕ್ರಮ ಇಷ್ಟು: ಅಡಿಕೆ, ಕಾಳುಮೆಣಸು, ಗೇರುಬೀಜ ನೇರ ತಾಗುವ ನೆಲಕ್ಕೆ, ತಟ್ಟೆಗೆ ನ್ಯಾನೋ ಲೇಪನ ಇಲ್ಲ. ಕೆರೆಗೆ ನೀರು ಕೊಡುವ ಮಾಡಿಗೆ ಪಾಚಿ ಕೊಲ್ಲುವ ಜಾತಿ ಇಲ್ಲ. ಮೊದಲ ಮಳೆಗಳ ನೀರು ಕೆರೆಗಲ್ಲ, ಹೊರಗೆ. ಪುಡಿ ಬಿಡುವ ಶೀಟನ್ನು ಒಣಗಿದಾಗ ಉಜ್ಜುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಆಮೇಲೆ ಹೊಸ ಕೋಟು. ಇದು ನಿಯಮ ಪುಸ್ತಕದ ಮಾತಲ್ಲ, ನನ್ನ ಎಚ್ಚರಿಕೆ.

ಅಂಗಡಿಯಲ್ಲಿ ಏನು ಕೇಳಬೇಕು?

- ಇದರಲ್ಲಿರುವ ಕಣ ಯಾವುದು: ಸತು, ಟೈಟಾನಿಯಂ, ಸಿಲಿಕಾ, ಜೇಡಿ, ಬೆಳ್ಳಿ? ಹೆಸರು ಹೇಳಲಾಗದ ಡಬ್ಬಿಗೆ ಜಾಸ್ತಿ ದುಡ್ಡು ಬೇಡ.
- ಪಾಲಿಮರ್ ಯಾವುದು? ಕಲರ್ ಶೀಟಿನಲ್ಲಿ ಮಾಮೂಲಿ ಪಾಲಿಯೆಸ್ಟರಿಗಿಂತ ಸಿಲಿಕಾನ್ ಬೆರೆತ ಪಾಲಿಯೆಸ್ಟರ್ ಮೇಲು, ಅದಕ್ಕಿಂತ ಪಿವಿಡಿಎಫ್ ಮೇಲು. ಈ ವ್ಯತ್ಯಾಸ ಹೆಚ್ಚಾಗಿ ‘ನ್ಯಾನೋ’ ಅನ್ನುವ ಪದಕ್ಕಿಂತ ದೊಡ್ಡದು.
- ಯುವಿ ಪರೀಕ್ಷೆ, ಉಪ್ಪುನೀರಿನ ಮಂಜಿನ ಪರೀಕ್ಷೆ ಎಷ್ಟು ಗಂಟೆ ಆಗಿದೆ? ಕಾಗದ ತೋರಿಸಲಿ. ಗಂಟೆಯನ್ನು ನೇರ ವರ್ಷಕ್ಕೆ ತಿರುಗಿಸಲು ಬರುವುದಿಲ್ಲ, ಆದರೆ ಎರಡು ಡಬ್ಬಿಯನ್ನು ಹೋಲಿಸಲು ಬರ್ತದೆ.
- ಗ್ಯಾರಂಟಿ ಯಾವುದಕ್ಕೆ: ಬಣ್ಣ ಮಾಸುವುದಕ್ಕಾ, ಸಿಪ್ಪೆ ಏಳುವುದಕ್ಕಾ, ತೂತು ಬೀಳುವುದಕ್ಕಾ? ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಇಡೀ ಮಾಡಿಗೆ ಹಚ್ಚುವ ಮೊದಲು ಅಂಗೈ ಅಗಲದ ಮೂರು ಶೀಟ್ ತುಂಡು ತೆಗೆದುಕೊಳ್ಳಿ. ಒಂದಕ್ಕೆ ಮಾಮೂಲಿ ಪೇಂಟ್, ಒಂದಕ್ಕೆ ನ್ಯಾನೋ, ಇನ್ನೊಂದನ್ನು ತುಕ್ಕು ಚೆನ್ನಾಗಿ ಉಜ್ಜಿ ಪ್ರೈಮರ್ ಹಾಕಿ ಅದೇ ಮಾಮೂಲಿ ಪೇಂಟ್. ದಕ್ಷಿಣಕ್ಕೆ ಮುಖ ಮಾಡಿ ಮಾಡಿನ ಮೇಲೆ ಕಟ್ಟಿ, ಒಂದು ಬೇಸಿಗೆ ಒಂದು ಮಳೆಗಾಲ ಬಿಡಿ. ದೀಪಾವಳಿ ಹೊತ್ತಿಗೆ ಇಳಿಸಿ ಬ್ಲೇಡಿನಲ್ಲಿ ಚೌಕುಳಿ ಗೀರು ಎಳೆದು, ಅಂಟುಪಟ್ಟಿ ಒತ್ತಿ ಕಿತ್ತು ನೋಡಿ. ಪಟ್ಟಿಗೆ ಅಂಟಿ ಬಂದದ್ದು ಯಾವ ತುಂಡಿನ ಪೇಂಟೋ ಅದು ನಿಮ್ಮ ಮಾಡಿಗೆ ಆಗುವುದಿಲ್ಲ. ಪೇಂಟ್ ಹಚ್ಚುವ ಕಾಲ ಮತ್ತೆ ಶುರುವಾಗುವುದೂ ಆಗಲೇ, ಹಾಗಾಗಿ ಯಾವ ಡಬ್ಬಿ ತರಬೇಕು ಅಂತ ನಿರ್ಧರಿಸಲಿಕ್ಕೆ ಸಮಯ ಸರಿಯಾಗಿ ಸಿಗ್ತದೆ.